ಕಿಕ್ಕರ್ ಇಲ್ಲದ ಗಾಡಿ

ಹಳೆಯ ಹೆಸರಿನ ಮೋಟಾರ್‌ಸೈಕಲ್ ಹೊಸ ರೂಪದಲ್ಲಿ ಬಂದಾಗಲೆಲ್ಲ ಸವಾರರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡಕ್ಕೆ ಅದು ಎಂದೋ ಆಗಬೇಕಿದ್ದ ಸುಧಾರಣೆ. ಇನ್ನೊಂದಕ್ಕೆ ಹೆಸರನ್ನಷ್ಟೇ ಉಳಿಸಿ ಗಾಡಿಯನ್ನೇ ಬದಲಿಸಿದ ಕೆಲಸ. ಮೊದಲ ವಾರದ ಮಾತೆಲ್ಲ ಚೆಂದದ ಸುತ್ತ ಸುತ್ತುತ್ತದೆ: ಟ್ಯಾಂಕು ಉಬ್ಬಿದೆ, ಹೆಡ್‌ಲೈಟ್ ಮುಖಕ್ಕೆ ಒಪ್ಪುತ್ತಿಲ್ಲ, ಸ್ಟಿಕ್ಕರ್ ಹೆಚ್ಚಾಯಿತು. ಈ ಬಗೆಯ ತಕರಾರು ಕಣ್ಣಿಗೆ ರೂಢಿಯಾದ ಮೇಲೆ ತಾನೇ ತಣ್ಣಗಾಗುತ್ತದೆ. ವರ್ಷಗಟ್ಟಲೆ ಉಳಿಯುವ ಅಸಮಾಧಾನದ ಬೇರು ಬೇರೆ ಕಡೆ ಇದೆ. ಕಿಕ್ಕರ್, ಚೋಕ್, ಪೆಟ್ರೋಲ್ ಕಾಕ್, ಕಿವಿ ಗುರುತಿಸುವ ಒಂದು ಸದ್ದು, ಇಂಥ ಕೈಕಾಲಿನ ರೂಢಿಯೊಂದು ಕಾಣೆಯಾದಾಗ ಸವಾರ ಅದನ್ನು ಸುಲಭಕ್ಕೆ ಮರೆಯುವುದಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಜಾವಾ ಮತ್ತು ಯೆಜ್ಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಸಲು ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ಊರಿನ ನೆನಪು ಆ ಹೆಸರಿನಲ್ಲಿದೆ. ಕಾರ್ಖಾನೆ ಕಟ್ಟಿದ ಇರಾನಿ ಕುಟುಂಬದ ಮೂಲ ಅಲ್ಲಿಯದು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳು ಮಾತ್ರ ರಸ್ತೆ ಬಿಡಲಿಲ್ಲ.

ಹಳೆಯ ಜಾವಾ ಓಡಿಸುವುದೆಂದರೆ ಒಂದು ವಿದ್ಯೆ. 249 ಸಿಸಿ ಎಂಜಿನ್, ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಎಡಗಡೆಯ ಒಂದೇ ಲಿವರ್ ಕಿಕ್ಕರ್ ಕೂಡ ಹೌದು, ಗೇರ್ ಕೂಡ ಹೌದು: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಗೇರ್ ಲಿವರ್ ಒತ್ತುತ್ತಿದ್ದಂತೆ ಕ್ಲಚ್ ತಾನೇ ಬಿಡುವ ಏರ್ಪಾಡಿದ್ದುದರಿಂದ ಪಳಗಿದವರು ಕ್ಲಚ್ ಹಿಡಿಯದೆಯೇ ಗೇರ್ ಬದಲಿಸುತ್ತಿದ್ದರು. ಮೊದಲ ಸಲ ಹತ್ತಿದವನಿಗೆ ಇದಾವುದೂ ತಿಳಿಯುವುದಿಲ್ಲ. ಹಳೆಯ ಗಾಡಿಯ ಮೇಲಿನ ಅಭಿಮಾನದಲ್ಲಿ ಅರ್ಧ ಪಾಲು ಈ ಕಲಿಕೆಯದೇ ಇರಬೇಕು.

2018ರ ನವೆಂಬರ್ 15ರಂದು ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ತಂದಿತು. ನೋಡಲು ಹಳೆಯ ಜಾವಾದ ತದ್ರೂಪು: ಅದೇ ದುಂಡನೆಯ ಟ್ಯಾಂಕು, ಕ್ರೋಮ್ ಹೊಳಪು, ಎರಡೂ ಬದಿಗೆ ಸೈಲೆನ್ಸರ್. ಒಳಗೆ ಎಲ್ಲವೂ ಹೊಸತು: 293 ಸಿಸಿ ಫೋರ್ ಸ್ಟ್ರೋಕ್ ಎಂಜಿನ್, ತಣಿಸಲು ರೇಡಿಯೇಟರ್, ಆರು ಗೇರ್, ಸುಮಾರು 27 ಅಶ್ವಶಕ್ತಿ. ಹಳೆಯದಕ್ಕೆ ಹೋಲಿಸಿದರೆ ಇದು ಎರಡು ಪಟ್ಟಿಗೂ ಮೇಲು. ತಯಾರಿಕೆ ಮಧ್ಯಪ್ರದೇಶದ ಪೀತಂಪುರದಲ್ಲಿ. ಕಿಕ್ಕರ್ ಇರಲಿಲ್ಲ.

ಬುಕಿಂಗ್‌ಗೆ ಜನ ಮುಗಿಬಿದ್ದರು. ಗಾಡಿ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕಾಗಿ ಬಂದಾಗ ಆ ಉತ್ಸಾಹದ ಒಂದಂಶ ಸಿಟ್ಟಾಯಿತು. ಗಾಡಿ ಬಂದ ಮೇಲೆ ಅಭಿಪ್ರಾಯ ಇಬ್ಭಾಗವಾದ ಬಗೆ ಕುತೂಹಲಕರ. ಹಳೆಯದನ್ನು ಓಡಿಸಿಯೇ ಇರದ ಇಪ್ಪತ್ತೈದರ ಹುಡುಗರಿಗೆ ಇದು ಅಪ್ಪನ ಗಾಡಿಯ ಚೆಲುವು ಮತ್ತು ಇಂದಿನ ವೇಗ ಎರಡೂ ಕೂಡಿದ ವಸ್ತು. ಅಪ್ಪಂದಿರಿಗೆ ಸದ್ದೇ ಸರಿಬರಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನ ಬಿಡಿಬಿಡಿಯಾದ ಟಣಟಣ ಫೋರ್ ಸ್ಟ್ರೋಕ್‌ನಲ್ಲಿ ಎಷ್ಟು ತಿದ್ದಿದರೂ ಹುಟ್ಟುವುದಿಲ್ಲ. ಅದು ಎಂಜಿನ್ನಿನ ಲಯದ ಮಾತು: ಟೂ ಸ್ಟ್ರೋಕ್ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಉರಿಯುತ್ತದೆ, ಫೋರ್ ಸ್ಟ್ರೋಕ್ ಎರಡು ಸುತ್ತಿಗೊಮ್ಮೆ. ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಹೊಗೆ ನಿಯಮಗಳು ಆ ಬಾಗಿಲನ್ನು ಎಂದೋ ಮುಚ್ಚಿವೆ.

ಕಂಪನಿ ಟೀಕೆಗೆ ಕಿವಿಗೊಟ್ಟದ್ದೂ ಕಾಣುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚದಂತೆ ತಡೆಯುವ, ಮೊದಲು ಮುಂದಿನ ಚಕ್ರಕ್ಕಷ್ಟೇ ಇದ್ದ ಎಬಿಎಸ್ 2019ರಲ್ಲಿ ಎರಡೂ ಚಕ್ರಕ್ಕೆ ಬಂತು. 2024ರ ಜನವರಿಯಲ್ಲಿ ಬಂದ ಜಾವಾ 350ರಲ್ಲಿ ಎಂಜಿನ್ 334 ಸಿಸಿಗೆ ಏರಿತು, ಅಶ್ವಶಕ್ತಿ ಮಾತ್ರ 22ರ ಆಸುಪಾಸಿಗೆ ಇಳಿಯಿತು. ಕಾಗದದ ಮೇಲೆ ಇದು ಹಿಂದಡಿ. ಆದರೆ ಎಂಜಿನ್ನನ್ನು ಹೆಚ್ಚು ತಿರುಗಿಸದೆಯೇ ಎಳೆತ ಸಿಗುವಂತೆ ಹೊಂದಿಸಿದ್ದರಿಂದ ನಿಧಾನವಾಗಿ ದೂರ ಹೋಗುವವರಿಗೆ ಹಿಡಿಸಿತು, ವೇಗ ಬಯಸಿದವರಿಗೆ ಸಪ್ಪೆ ಎನಿಸಿತು. 2022ರ ಜನವರಿಯಲ್ಲಿ ಮರಳಿದ ಯೆಜ್ಡಿಯದು ಇನ್ನೊಂದು ಕಥೆ. ಅದರ ಅಡ್ವೆಂಚರ್ ಮಾದರಿಯನ್ನು ಕಂಡವರೆಲ್ಲ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಜೊತೆ ಹೋಲಿಸಿದರು. 2025ರಲ್ಲಿ ಅದೇ ಗಾಡಿಗೆ ಜೋಡಿ ಹೆಡ್‌ಲೈಟ್ ಕೂರಿಸಿ ಮುಖವನ್ನೇ ಬದಲಿಸಲಾಯಿತು. ಆಗ ದುಂಡು ದೀಪವೇ ಚೆನ್ನಾಗಿತ್ತು ಎನ್ನುವವರು ಹುಟ್ಟಿಕೊಂಡರು! ಒಂದಂತೂ ನಿಜ, ಹೊಸ ಮುಖವನ್ನು ಯಾರೂ ಹಿಮಾಲಯನ್ ಎಂದು ತಪ್ಪು ತಿಳಿಯುವುದಿಲ್ಲ.

ರಾಯಲ್ ಎನ್‌ಫೀಲ್ಡ್ ಬುಲೆಟ್ ಸವಾರರು ಈ ಬಗೆಯ ಬೇಸರವನ್ನು ಹಲವು ಸಲ ದಾಟಿ ಬಂದವರು. ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ನ್ಯೂಟ್ರಲ್ ಹುಡುಕಲು ಹಿಮ್ಮಡಿಯಿಂದ ಒತ್ತುವ ಪ್ರತ್ಯೇಕ ಲಿವರ್ ಬೇರೆ. ಗೇರ್ ಎಡಕ್ಕೆ ಬಂದಾಗ ಹಳಬರು ಗೊಣಗಿದರು. 2008ರಿಂದ ಎರಕದ ಕಬ್ಬಿಣದ ಎಂಜಿನ್ ಜಾಗಕ್ಕೆ ಅಲ್ಯೂಮಿನಿಯಂ ಎಂಜಿನ್ ಬರತೊಡಗಿದಾಗ ‘ಡಗ್ ಡಗ್ ಹೋಯಿತು’ ಎಂಬ ದೂರು ಎದ್ದಿತು. 2021ರಲ್ಲಿ ಬಂದ ಅದೇ ಕಂಪನಿಯ 349 ಸಿಸಿಯ ಹೊಸ ಕ್ಲಾಸಿಕ್‌ನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಸೇರಿತು, ಕಿಕ್ಕರ್ ಹೋಯಿತು. 2023ರಲ್ಲಿ ಬುಲೆಟ್ 350 ಕೂಡ ಅದೇ ಎಂಜಿನ್ ಪಡೆಯಿತು. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡಿಸುವವರು ಕೈ ಜೋಮು ಹಿಡಿಯುವುದು ತಪ್ಪಿತೆಂದು ಹೊಗಳಿದರು. ಅದೇ ನಡುಕವನ್ನು ಬುಲೆಟ್ಟಿನ ಜೀವ ಎಂದು ತಿಳಿದವರಿಗೆ ಗಾಡಿ ಸತ್ತಂತೆ ಅನಿಸಿತು. ಇಬ್ಬರೂ ಹೇಳುತ್ತಿರುವುದು ಒಂದೇ ಬಿಡಿಭಾಗದ ಬಗ್ಗೆ ಎಂಬುದನ್ನು ಗಮನಿಸಬೇಕು.

ಎಲ್ಲ ಬದಲಾವಣೆಯೂ ವಿನ್ಯಾಸಕಾರನ ಮನಸ್ಸಿಗೆ ತೋಚಿದ್ದಲ್ಲ. ಕೆಲವು ಸರ್ಕಾರದ ನಿಯಮದಿಂದ ಬಂದವು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಓಡುವಷ್ಟು ಹೊತ್ತೂ ಉರಿಯಲೇಬೇಕು, ಆರಿಸುವ ಸ್ವಿಚ್ಚೇ ಇರಬಾರದು ಎಂದಾಯಿತು. ಆರಂಭದ ತಿಂಗಳುಗಳಲ್ಲಿ ಎದುರಿಗೆ ಬಂದವರೆಲ್ಲ ಬೆರಳು ಮುಚ್ಚಿ ತೆರೆದು ‘ಲೈಟ್ ಆನ್ ಇದೆ’ ಎಂದು ಸನ್ನೆ ಮಾಡುವವರೇ. ಹೊಸ ಗಾಡಿಯವರು ತಲೆಯಾಡಿಸಿ ತಲೆಯಾಡಿಸಿ ದಣಿದರು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಜಾರಿಗೆ ಬಂದು ಬಹುಪಾಲು ಗಾಡಿಗಳಲ್ಲಿ ಕಾರ್ಬೊರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಕೂತಿತು. ಈ ಕೊನೆಯದರಷ್ಟು ಸವಾರರನ್ನು ತಟ್ಟಿದ ಬದಲಾವಣೆ ಇನ್ನೊಂದಿಲ್ಲ, ಅದರಲ್ಲೂ ಪೇಟೆಯಿಂದ ದೂರ ಇರುವವರನ್ನು.

ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಅರೆಮಲೆನಾಡಿನಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಇದು ಕಾಡು, ಗದ್ದೆ, ಅಡಿಕೆ ತೋಟಗಳ ನಾಡು. ಆನವಟ್ಟಿ, ಶಿರಾಳಕೊಪ್ಪದಂಥ ಪೇಟೆಗಳಿಗೆ ಬರಲು ಬಸ್ಸಿನ ಹೊತ್ತು ಕಾಯಲಾಗದವರಿಗೆ ಬೈಕೇ ಗತಿ. ಡಾಂಬರು ಮುಗಿದ ಮೇಲೆ ಕೆಮ್ಮಣ್ಣಿನ ದಾರಿ. ಮುಂಗಾರಿನಲ್ಲಿ ಅದು ಕೆಸರು, ಬೇಸಿಗೆಯಲ್ಲಿ ಧೂಳು. ಇಂಥ ಕಡೆ ಬೈಕು ಮೊದಲು ಒಂದು ಉಪಕರಣ, ಚೆಂದ ಆಮೇಲೆ.

ಕಾರ್ಬೊರೇಟರ್ ಇದ್ದ ಗಾಡಿ ಕೆಟ್ಟರೆ ರಿಪೇರಿ ಅಂಗಡಿಯವನು ಅದನ್ನು ಬಿಚ್ಚಿ, ಜೆಟ್ ಊದಿ, ಪ್ಲಗ್ ಉಜ್ಜಿ, ಅರ್ಧ ಗಂಟೆಯಲ್ಲಿ ಕಳಿಸುತ್ತಿದ್ದ. ಬ್ಯಾಟರಿ ಸತ್ತಿದ್ದರೂ ಕಿಕ್ಕರ್ ಹೊಡೆದೋ ಇಳಿಜಾರಿನಲ್ಲಿ ತಳ್ಳಿಯೋ ಸ್ಟಾರ್ಟ್ ಮಾಡಬಹುದಿತ್ತು. ಇಂಜೆಕ್ಷನ್ ಗಾಡಿಗೆ ಪೆಟ್ರೋಲ್ ಪಂಪು, ಸೆನ್ಸರ್, ಕಂಟ್ರೋಲ್ ಯೂನಿಟ್ ಎಲ್ಲವೂ ವಿದ್ಯುತ್ತಿನಿಂದ ನಡೆಯಬೇಕು. ಬ್ಯಾಟರಿ ಪೂರ್ತಿ ಇಳಿದರೆ ತಳ್ಳಿದವನ ಬೆವರು ಬಹಳ ಸಲ ದಂಡ. ಮೀಟರಿನಲ್ಲಿ ಹಳದಿ ದೀಪ ಹತ್ತಿದರೆ ದೋಷ ಓದಲು ಸ್ಕ್ಯಾನರ್ ಬೇಕು, ಅದು ಇರುವುದು ತಾಲ್ಲೂಕು ಕೇಂದ್ರದ ಶೋರೂಮಿನಲ್ಲೋ ಜಿಲ್ಲಾ ಕೇಂದ್ರದಲ್ಲೋ. ‘ರಿಸರ್ವ್‌ಗೆ ಬಿತ್ತು’ ಎಂಬ ಮಾತು ಕೂಡ ಸವೆಯುತ್ತಿದೆ. ಎಂಜಿನ್ ಮುಗ್ಗರಿಸಿದಾಗ ಎಡಗೈ ಕೆಳಗಿಳಿಸಿ ಕಾಕ್ ತಿರುಗಿಸಿದರೆ ಪೇಟೆ ಮುಟ್ಟುವಷ್ಟು ಪೆಟ್ರೋಲ್ ಇದೆಯೆಂಬ ಧೈರ್ಯ ಹಿಂದಿತ್ತು. ಈಗ ಮೀಟರಿನ ಗುರುತನ್ನು ನಂಬಬೇಕು.

ಹಾಗೆಂದು ಹಳೆಯದೇ ಮೇಲು ಎನ್ನಲಾಗದು. ಡಿಸೆಂಬರಿನ ಮಂಜು ಮುಂಜಾನೆ ಚೋಕ್ ಎಳೆದು ಹತ್ತು ಸಲ ಕಿಕ್ ಹೊಡೆದ ಕಾಲಿಗೆ, ಸ್ವಿಚ್ ಒತ್ತಿದ ಕೂಡಲೇ ಹತ್ತುವ ಎಂಜಿನ್ನಿನ ಬೆಲೆ ಗೊತ್ತು. ಹೊಗೆ ಗಣನೀಯವಾಗಿ ಇಳಿದಿದೆ. ಒದ್ದೆ ರಸ್ತೆಯಲ್ಲಿ ದನ ಅಡ್ಡ ಬಂದಾಗ ಎಬಿಎಸ್ ಇದ್ದ ಗಾಡಿಯ ಚಕ್ರ ಕಚ್ಚಿ ಜಾರುವುದಿಲ್ಲ. ಆ ಒಂದು ಅನುಕೂಲಕ್ಕೆ ಹತ್ತು ದೂರು ನುಂಗಿಕೊಳ್ಳಬಹುದು.

ನಿಯಮವೂ ಅಲ್ಲದ, ಅಗತ್ಯವೂ ಅಲ್ಲದ ಬದಲಾವಣೆಗಳ ಬಗ್ಗೆ ಮಾತ್ರ ಸವಾರರ ದೂರು ಪೂರ್ತಿ ನ್ಯಾಯವಾದದ್ದು. ಮೊದಲನೆಯದು ಸೀಟು. ಉದ್ದನೆಯ ಚಪ್ಪಟೆ ಸೀಟಿನ ಬದಲು ಎರಡು ತುಂಡಾಗಿ ಹಿಂದಿನದು ಎತ್ತರಕ್ಕೆ ಏರಿದ ವಿನ್ಯಾಸ ಕಾಲೇಜು ಹುಡುಗರಿಗೆ ಪ್ರಿಯ. ಸೀರೆಯುಟ್ಟು ಒಂದು ಬದಿಗೆ ಕೂರುವ ಅಮ್ಮನಿಗೆ ಅದು ಏಣಿ ಹತ್ತಿದ ಹಾಗೆ. ಹಿಂದೆ ಕೂತವರಿಗೆ ಹಿಡಿಕೆ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ಮರೆ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ವಿನ್ಯಾಸಕಾರರು ಅದನ್ನು ಆದಷ್ಟು ಸಣ್ಣದು ಮಾಡುತ್ತಾರೆ, ಕೊಂಡವರು ಮೊದಲ ವಾರವೇ ಬಿಚ್ಚಿಸಿ ಹಾಕುತ್ತಾರೆ. ಹಿಂಡಿ ಮೂಟೆ, ಹುಲ್ಲಿನ ಹೊರೆ, ಅಡಿಕೆ ಚೀಲ ಕಟ್ಟಲು ಇಂಥ ಗಾಡಿಯಲ್ಲಿ ಜಾಗವೇ ಇಲ್ಲ. ಎರಡನೆಯದು ಚೈನು. ಪೂರ್ತಿ ಮುಚ್ಚಿದ ಚೈನ್ ಕವರ್ ಹಳೆಕಾಲದ್ದಾಗಿ ಕಾಣುತ್ತದೆಂದು ಹಲವು ಮಾದರಿಗಳಲ್ಲಿ ತೆಗೆದರು. ಕೆಮ್ಮಣ್ಣು ಮೆತ್ತಿದ ತೆರೆದ ಚೈನು ಬೇಗ ಸವೆಯುತ್ತದೆ, ಮಳೆಗಾಲದಲ್ಲಿ ಮತ್ತೆ ಮತ್ತೆ ತೊಳೆದು ಆಯಿಲ್ ಹಾಕಬೇಕು.

ಬಳಸುವವನನ್ನು ಮರೆಯದೆ ಮಾಡಿದ ಮರುವಿನ್ಯಾಸವೂ ಇದೆ. ಟಿವಿಎಸ್ ಎಕ್ಸ್‌ಎಲ್ ದಶಕಗಳ ಕಾಲ ಟೂ ಸ್ಟ್ರೋಕ್ ಮೊಪೆಡ್ ಆಗಿತ್ತು. 2015ರಲ್ಲಿ ಎಕ್ಸ್‌ಎಲ್ 100 ಎಂಬ ಹೆಸರಿನಲ್ಲಿ 99.7 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ಬಂತು. ಆಯಿಲ್ ಬೆರೆಸುವ ಕೆಲಸ ತಪ್ಪಿತು, ಹೊಗೆ ಇಳಿಯಿತು. ಕಾಲಿನ ಬಳಿಯ ತಟ್ಟೆಯಂಥ ಜಾಗ, ಬೇಕಾದಾಗ ಕಳಚಿ ಸಾಮಾನು ಹೇರಬಹುದಾದ ಹಿಂದಿನ ಸೀಟು ಹಾಗೇ ಉಳಿದವು. ಹಾಲಿನ ಕ್ಯಾನ್ ಸಾಗಿಸುವವನಿಗೆ ಎಂಜಿನ್ ಬದಲಾದದ್ದು ಕಿವಿಗೆ ಮಾತ್ರ ತಿಳಿಯಿತು. ಸ್ಪ್ಲೆಂಡರ್‌ನದೂ ಇದೇ ಹಾದಿ. 1994ರಲ್ಲಿ ಹೀರೊ ಹೋಂಡಾ ತಂದ ಈ 97.2 ಸಿಸಿ ಗಾಡಿಯ ಒಳಗು 2020ರಲ್ಲಿ ಇಂಜೆಕ್ಷನ್‌ಗೆ ಬದಲಾಯಿತು, 2022ರ ಎಕ್ಸ್‌ಟೆಕ್ ಮಾದರಿಗೆ ಡಿಜಿಟಲ್ ಮೀಟರ್ ಬಂತು. ಚಪ್ಪಟೆ ಸೀಟು, ಮುಚ್ಚಿದ ಚೈನು, ಕಿಕ್ಕರ್ ಮೂರೂ ಉಳಿದವು. ವಿನ್ಯಾಸದಲ್ಲಿ ಹೊಸತೇನೂ ಇಲ್ಲ ಎಂದು ಬೈಸಿಕೊಳ್ಳುತ್ತಲೇ ಅದು ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬೈಕಾಗಿ ಉಳಿದಿದೆ.

ಬದಲಾಗಲು ಅವಕಾಶವೇ ಸಿಗದೆ ನಿಂತ ಗಾಡಿಯ ಕಥೆ ಯಮಹಾ ಆರ್‌ಎಕ್ಸ್ 100ರದು. 1985ರಲ್ಲಿ ಬಂದು 1996ರಲ್ಲಿ ನಿಂತ ಈ 98 ಸಿಸಿ ಟೂ ಸ್ಟ್ರೋಕ್ ಬೈಕಿಗೆ ಇಂದೂ ಹೊಸ ಬೈಕಿನ ಬೆಲೆ ಕೊಡುವವರಿದ್ದಾರೆ. ಅದೇ ಹೆಸರಿನ ಹೊಸ ಗಾಡಿ ಬಂದರೆ ಸದ್ದು, ತೂಕ, ಚುರುಕು ಮೂರರಲ್ಲೂ ಹಳೆಯದರ ಜೊತೆ ಹೋಲಿಕೆ ಎದುರಿಸಬೇಕು. ಜಾವಾಕ್ಕೆ ಆದದ್ದೇ ಅದಕ್ಕೂ ಆಗುತ್ತದೆ.

ಹೊಸ ಮಾದರಿ ಕೊಳ್ಳಹೊರಟವರು ಶೋರೂಮಿನ ನುಣುಪು ನೆಲದ ಮೇಲೆ ಕೂತು ನೋಡಿ ಮುಂಗಡ ಕೊಡಬಾರದು. ಹಿಂದೆ ಮನೆಯವರನ್ನು ಕೂರಿಸಿಕೊಂಡು ಊರಿನ ದಾರಿಯಂಥ ದಾರಿಯಲ್ಲೇ ಒಂದು ಸುತ್ತು ಓಡಿಸಿ ನೋಡಬೇಕು. ಕಿಕ್ಕರ್ ಇದೆಯೇ, ಚೈನಿಗೆ ಮರೆ ಇದೆಯೇ, ಸ್ಕ್ಯಾನರ್ ಇರುವ ಸರ್ವೀಸ್ ಸೆಂಟರ್ ಎಷ್ಟು ದೂರ ಎಂದು ಕೇಳಬೇಕು. ಬಣ್ಣ ಆರಿಸುವುದು ಆಮೇಲೆ.