ಹಾಲು ಮೊದಲು, ಕರು ಆಮೇಲೆ

ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಸುರಪುರ. ಈ ದಾರಿಯ ಒಂದಲ್ಲ ಒಂದು ಕೊಟ್ಟಿಗೆಯಲ್ಲಿ ಈ ಗೋಳು ಕೇಳಿಬರುತ್ತದೆ: 'ನಾಕ್ ಸಲ ಇಂಜೆಕ್ಷನ್ ಮಾಡಿಸೀವ್ರೀ, ಗಬ್ಬಾನೇ ನಿಂದ್ರವಲ್ದು.' ಜರ್ಸಿ ಆಕಳು ದಿನಾ ಕಣಿಕೆ, ಹಿಂಡಿ ತಿನ್ನುತ್ತದೆ. ಚರಿಗೆಗೆ ಮಾತ್ರ ಹನಿ ಹಾಲಿಲ್ಲ.

ಅದೇ ಆಕಳು ಗಬ್ಬವಿಲ್ಲದೆ, ಕರುವಿಲ್ಲದೆ, ಮೂರೇ ವಾರದಲ್ಲಿ ಹಾಲಿಗೆ ಬರಬಹುದು ಎಂದರೆ? ನಾನಂತೂ ಮೊದಲ ಸಲ ಓದಿದಾಗ ನಂಬಲೇ ಇಲ್ಲ!

1973ರಲ್ಲಿ ಅಮೆರಿಕದ ಓಹಾಯೋದಲ್ಲಿ ಸ್ಮಿತ್ ಮತ್ತು ಶಾನ್‌ಬ್ಯಾಕರ್ ಎಂಬಿಬ್ಬರು ಇದಕ್ಕೊಂದು ಚಿಕ್ಕ ಕ್ರಮ ಪ್ರಕಟಿಸಿದರು. ಈಸ್ಟ್ರಾಡಿಯಾಲ್, ಪ್ರೊಜೆಸ್ಟೆರಾನ್ ಎಂಬ ಎರಡು ಹಾರ್ಮೋನು; ಏಳೇ ದಿನ, ಚರ್ಮದಡಿಗೆ ಸೂಜಿ. ಈಸ್ಟ್ರಾಡಿಯಾಲ್ ಕಿಲೋ ತೂಕಕ್ಕೆ ದಿನಕ್ಕೆ 0.1 ಮಿಲಿಗ್ರಾಂ. ಲೆಕ್ಕ ಹಾಕಿ: 350 ಕಿಲೋದ ಆಕಳಿಗೆ ಏಳೂ ದಿನ ಸೇರಿ ಕಾಲು ಗ್ರಾಂ ಕೂಡ ಆಗದು. ಚಿಟಿಕೆ ಉಪ್ಪು! ಪ್ರೊಜೆಸ್ಟೆರಾನ್ ಅದರ ಎರಡೂವರೆ ಪಟ್ಟು.

ಆ ಚಿಟಿಕೆಗೇ ಕೆಚ್ಚಲಲ್ಲಿ ಒಂಬತ್ತು ತಿಂಗಳ ಕೆಲಸ ಶುರು. ಈಸ್ಟ್ರಾಡಿಯಾಲ್ ಹಾಲಿನ ಕಾಲುವೆ ತೋಡುತ್ತದೆ. ಎರಡೂ ಕೂಡಿ ಕಾಲುವೆಯ ತುದಿಗೆ ದ್ರಾಕ್ಷಿ ಗೊಂಚಲಿನಂತೆ ಹಾಲುಚೀಲ ಕಟ್ಟುತ್ತವೆ. ನಾರಾಯಣಪುರದ ಎಡದಂಡೆ ಕಾಲುವೆ ಕಂಡ ಸೀಮೆಗೆ ಬಿಡಿಸಿ ಹೇಳಬೇಕೇ? ಕಾಲುವೆ ತೋಡಿದರಾಯಿತೇ, ಗೇಟು ಎತ್ತಬೇಕಲ್ಲ! ಗೇಟು ಹಿಡಿದು ನಿಂತದ್ದು ಅದೇ ಪ್ರೊಜೆಸ್ಟೆರಾನ್. ಕಟ್ಟಿದ್ದೂ ಅದೇ, ತಡೆದದ್ದೂ ಅದೇ. ಈಯುವ ಹೊತ್ತಿಗೆ ರಕ್ತದಲ್ಲಿ ಅದು ಇಳಿದಾಗಲೇ ಹಾಲು. ಇಲ್ಲಿ ಸೂಜಿ ನಿಲ್ಲಿಸಿದ್ದೇ ತಡ, ಆಕಳು ಈಯಿತೆಂದೇ ಕೆಚ್ಚಲು ತಿಳಿಯುತ್ತದೆ!

ಇನ್ನೊಂದು ಗೇಟು ತಲೆಯಲ್ಲಿದೆ. ಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಮಿದುಳಿನ ಡೋಪಮೈನ್ ಹಿಡಿದಿಟ್ಟಿರುತ್ತದೆ. ಆ ಹಿಡಿತ ಸಡಿಲಿಸಲು 1970ರ ದಶಕದಲ್ಲಿ ವಿಜ್ಞಾನಿಗಳು ಪರೀಕ್ಷಿಸಿದ್ದು ರಿಸರ್ಪಿನ್. ಎಲ್ಲಿಯದು ಗೊತ್ತೇ? ನಮ್ಮ ಸರ್ಪಗಂಧದ ಬೇರಿನದು! ಹಾವು ಕಡಿದರೆ, ಹುಚ್ಚು ಹಿಡಿದರೆ ಹಿರಿಯರು ಅರೆದು ಕೊಡುತ್ತಿದ್ದ, ಆಮೇಲೆ ರಕ್ತದೊತ್ತಡದ ಮಾತ್ರೆಯಾದ ಆ ಬೇರು ಕೊಟ್ಟಿಗೆಗೂ ಬಂತು.

ಮುಂದೆ, ಮೊದಲ ಸೂಜಿಯ ದಿನದಿಂದ ಎಣಿಸಿ, 18ರಿಂದ 20ನೇ ದಿನ ಹಾಲು ಶುರುಮಾಡಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. 21ನೇ ದಿನ ಬಿಸಿನೀರಲ್ಲಿ ಕೆಚ್ಚಲು ಒರೆಸಿ, ಮೊಣಕಾಲ ನಡುವೆ ಚರಿಗೆ ಹಿಡಿದು ಕೂತು ಹಿಂಡುವುದು. ಈದ ಆಕಳಂತೆ ಒಮ್ಮೆಲೇ ಉಕ್ಕದು, ದಿನದಿನಕ್ಕೆ ಏರುತ್ತದೆ. ಕೆಲವು ಆಕಳು ಒಪ್ಪುವುದೇ ಇಲ್ಲ, ಒಪ್ಪಿದವೂ ಸಾಮಾನ್ಯವಾಗಿ ಈದಾಗಿನಷ್ಟು ಕೊಡವು. ಮೊದಲ ದಿನಗಳ ಹಾಲಲ್ಲಿ ಹಾರ್ಮೋನು ಉಳಿದಿರಬಹುದು, ಡೇರಿಗೆ ಹಾಕಬಾರದು. ಹಾಲು ಇಳಿಸಲೆಂದು ಸಂತೆಯಲ್ಲಿ ಕದ್ದು ಮಾರುವ ಆಕ್ಸಿಟೋಸಿನ್ ಬಾಟಲಿ ನೆನೆದು ಯಾರೂ ತಾವೇ ಸೂಜಿ ಹಿಡಿಯಬೇಡಿ ಮತ್ತೆ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ, ಓದಿದ ಡಾಕ್ಟರನ್ನೇ ಕೇಳಿ.

ಇಷ್ಟಕ್ಕೇ ಮುಗಿಯಲಿಲ್ಲ. ಹೀಗೆ ಹಾಲಿಗೆ ಬಂದ ಗೊಡ್ಡಾಕಳುಗಳಲ್ಲಿ ಕೆಲವು, ಹಾಲು ಕೊಡುತ್ತಿರುವಾಗಲೇ ಬೆದೆಗೆ ಬಂದು, ಗಬ್ಬ ನಿಂತದ್ದೂ ಉಂಟು!