ಹೋದ ಸಲ ಬರೆದ ಹಕ್ಕಿಯ ಹೆಸರು ತಪ್ಪು

ಹೋದ ಸಂಚಿಕೆಯ ‘ನಮ್ಮ ಕೆರೆಯ ಹಕ್ಕಿಗಳು’ ಪಟ್ಟಿಯ ಕೊನೆಯಲ್ಲಿ ‘ಹಳದಿ ಟಿಟ್ಟಿಭ’ ಅಂತ ಬರೆದವನು ನಾನೇ. ಅದು ತಪ್ಪು. ಏಳನೇ ತರಗತಿಯವರು ಆ ಪಟ್ಟಿಯನ್ನು ನೋಟ್ ಬುಕ್ಕಿಗೆ ಇಳಿಸಿಕೊಂಡಿದ್ದಾರೆ, ಆದ್ದರಿಂದ ಯಾಕೆ ತಪ್ಪು ಅಂತ ಬಿಡಿಸಿ ಬರೆಯುತ್ತೇನೆ.

ಆ ಭಾನುವಾರ ಬೆಳಿಗ್ಗೆ ಕೆರೆ ಏರಿ ಮೇಲಿಂದ ನೋಡಿದಾಗ ಕೆಸರಿನ ಅಂಚಿನಲ್ಲಿ ಒಂದು ಹಕ್ಕಿ ಒಂಟಿಯಾಗಿ ನಿಂತಿತ್ತು. ಉದ್ದ ಕಾಲು, ಮಾಸಲು ಹಳದಿ. ತಲೆ ಕಂದು, ಗಂಟಲು ಬಿಳಿ, ಎದೆ ಬೂದುಗಂದು. ನಾಲ್ಕು ಹೆಜ್ಜೆ ಓಡೋದು, ಗಕ್ಕನೆ ನಿಲ್ಲೋದು, ಬಗ್ಗಿ ಏನೋ ಹೆಕ್ಕೋದು. ನಡಿಗೆಯೆಲ್ಲ ಟಿಟ್ಟಿಭದ್ದೇ. ಆದರೆ ರಾತ್ರಿಯೆಲ್ಲ ಕೂಗಿ ನಮ್ಮ ನಿದ್ದೆ ಕೆಡಿಸುವ ಕೆಂಪು ಟಿಟ್ಟಿಭಕ್ಕೆ ತಲೆ, ಗಂಟಲು, ಎದೆ ಕಪ್ಪು. ಕಣ್ಣಿನ ಮುಂದೆ ಕೆಂಪು ತೊಗಲು. ಕೊಕ್ಕೂ ಕೆಂಪು, ತುದಿ ಮಾತ್ರ ಕಪ್ಪು. ಇದಕ್ಕೆ ಅದ್ಯಾವುದೂ ಕಾಣಲಿಲ್ಲ. ಪುಸ್ತಕ ತೆಗೆದರೆ ಪಕ್ಕದಲ್ಲೇ ಹಳದಿ ಟಿಟ್ಟಿಭದ ಚಿತ್ರ: ಕಂದು ಎದೆ, ಹಳದಿ ಕಾಲು. ಖುಷಿಯಾಗಿ ಬರೆದುಬಿಟ್ಟೆ. ಮುಖದ ಮೇಲೆ ಹಳದಿ ತೊಗಲು ಇಲ್ಲವಲ್ಲ ಅಂತ ಅನ್ನಿಸಿತು, ನಿಜ. ‘ಮರಿ ಇರಬೇಕು, ಇನ್ನೂ ಬೆಳೆದಿಲ್ಲ’ ಅಂದುಕೊಂಡೆ. ಮರಿಯಾದರೆ ಕೆಂಪು ತೊಗಲೂ ಬೆಳೆದಿರಲ್ಲ ಅನ್ನೋದು ಹೊಳೆಯಲೇ ಇಲ್ಲ!

ಪಟ್ಟಿ ನೋಡಿದ ವಿಜ್ಞಾನದ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: “ಕಣ್ಣಿನ ಹತ್ತಿರದ ಬಿಳಿ ಪಟ್ಟೆ ಎಲ್ಲಿಗೆ ಹೋಗಿತ್ತು?” ನನಗೆ ಗೊತ್ತಿರಲಿಲ್ಲ. ನೋಡೇ ಇರಲಿಲ್ಲ.

ಪಟ್ಟೆಯ ವಿಷಯ ಹೀಗಿದೆ. ಹಳದಿ ಟಿಟ್ಟಿಭಕ್ಕೆ ತಲೆಯ ಮೇಲೆ ಕಪ್ಪು ಟೋಪಿ, ಅದರ ಕೆಳಗೆ ಕಣ್ಣಿನಿಂದ ಹಿಂದಕ್ಕೆ ತಲೆ ಸುತ್ತಿಕೊಂಡು ಹೋಗುವ ಬಿಳಿ ಗೆರೆ. ಕುತ್ತಿಗೆ ಪೂರ್ತಿ ಕಂದು. ಕೆಂಪು ಟಿಟ್ಟಿಭದಲ್ಲಿ ಬಿಳಿ ಪಟ್ಟೆ ಕಣ್ಣಿನ ಹಿಂದಿನಿಂದ ಕುತ್ತಿಗೆಯ ಪಕ್ಕಕ್ಕೆ ಇಳಿದು ಹೊಟ್ಟೆಯ ಬಿಳುಪಿಗೆ ಸೇರುತ್ತೆ. ಮರಿಯಲ್ಲಿ ಕಪ್ಪು ಇನ್ನೂ ಮಂಕು, ಗಂಟಲು ಬಿಳಿ, ಆದರೂ ಪಟ್ಟೆ ಇಳಿಯುವ ದಾರಿ ಅದೇ. ಗಾತ್ರ ನಂಬೋ ಹಾಗಿಲ್ಲ. ಬೆಳೆದ ಕೆಂಪು ಟಿಟ್ಟಿಭ 32ರಿಂದ 35 ಸೆಂಟಿಮೀಟರ್, ಹಳದಿಯದು 26ರಿಂದ 28. ಆದರೆ ಬೆಳೆಯುತ್ತಿರುವ ಮರಿ ಎಷ್ಟಾದರೂ ಇರಬಹುದಲ್ಲ? ಜಾಗ ಸ್ವಲ್ಪ ಸುಳಿವು ಕೊಡುತ್ತೆ. ಹಳದಿಯದಕ್ಕೆ ಒಣ ಬಯಲು, ಕಲ್ಲು ನೆಲ ಇಷ್ಟ. ಕೆಂಪಿನದು ನೀರಿನ ಹತ್ತಿರ ಇರೋದೇ ಹೆಚ್ಚು. (ಈ ಎರಡಕ್ಕೂ 1783ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವರು ಬೊಡಾರ್ಟ್ ಎಂಬ ಒಬ್ಬರೇ ಡಚ್ ವಿಜ್ಞಾನಿ. ಅವರಿಗೆ ಗಲಿಬಿಲಿ ಆಗಲಿಲ್ಲ, ನನಗೆ ಆಯ್ತು.)

ಮಾರನೇ ದಿನ ಸಂಜೆ ಗೆಳೆಯನ ಜೊತೆ ಮತ್ತೆ ಹೋದೆ. ಹಕ್ಕಿ ಅಲ್ಲೇ ಇತ್ತು. ಹತ್ತಿರ ಹೋದಂತೆ ಓಡಲಿಲ್ಲ, ನೆಲಕ್ಕೆ ಅಂಟಿಕೊಂಡು ಕೂತುಬಿಡ್ತು. ಬೆನ್ನಿನ ಗರಿಗಳಿಗೆಲ್ಲ ತಿಳಿ ಬಣ್ಣದ ಅಂಚು, ಮೀನಿನ ಪೊರೆ ಜೋಡಿಸಿದ ಹಾಗೆ. ಅದು ಎಳೆಯ ಹಕ್ಕಿಯ ಗುರುತು. ಗೆಳೆಯ “ಗಾಯ ಆಗಿದೆ ಕಣೋ, ಹಿಡಿದು ನೋಡೋಣ” ಅಂದ. ಇನ್ನೆರಡು ಹೆಜ್ಜೆ ಇಟ್ಟಿದ್ದೆವು ಅಷ್ಟೇ, ತಲೆ ಮೇಲೆ ಕಿರುಚಾಟ! ಎರಡು ಕೆಂಪು ಟಿಟ್ಟಿಭಗಳು ನಮ್ಮ ಕಿವಿ ಪಕ್ಕದಲ್ಲೇ ಎರಗಿ ಎರಗಿ ಹೋದವು. ಅಪ್ಪ ಅಮ್ಮ ಯಾರು ಅಂತ ಆಗ ಗೊತ್ತಾಯ್ತು. ಗಾಯಗೀಯ ಏನೂ ಇರಲಿಲ್ಲ. ಅಪಾಯ ಬಂದರೆ ಅಲ್ಲಾಡದೆ ಕೂರೋದು ಈ ಮರಿಗಳ ಅಭ್ಯಾಸ. ಬರೀ ನೆಲದಲ್ಲಿ ಸಣ್ಣ ಗುಂಡಿ ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುವ ಹಕ್ಕಿ ಇದು, ಮರಿಗೆ ಅವಿತುಕೊಳ್ಳೋಕೆ ಗೂಡೇ ಇಲ್ಲ. ಹಿಡಿದು ಮನೆಗೆ ತಂದಿದ್ದರೆ ಏನಾಗುತ್ತಿತ್ತೋ.

ನಾವು ಏರಿಗೆ ವಾಪಸ್ ಬಂದು ಕೂತೆವು. ಸ್ವಲ್ಪ ಹೊತ್ತಿಗೆ ಕಿರುಚಾಟ ನಿಂತಿತು. ಮರಿ ಎದ್ದು, ಪಕ್ಕಕ್ಕೆ ತಿರುಗಿ, ಕುತ್ತಿಗೆ ಉದ್ದ ಮಾಡಿತು. ಬಿಳಿ ಪಟ್ಟೆ ಕೆಳಕ್ಕೆ ಇಳಿದು ಹೊಟ್ಟೆಗೆ ಸೇರಿತ್ತು.

ಏಳನೇ ತರಗತಿಯವರು ದಯವಿಟ್ಟು 23ನೇ ಹೆಸರು ಹೊಡೆದುಹಾಕಿ. ಕೆಂಪು ಟಿಟ್ಟಿಭ 4ನೇ ನಂಬರಿನಲ್ಲಿ ಆಗಲೇ ಇದೆ. ಈಗ ಪಟ್ಟಿಯಲ್ಲಿ 22 ಹಕ್ಕಿಗಳು.