ಎರಡನೆಯ ಬಾಟಲಿ

ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯ ನರ್ಸ್‌ಗೆ ಫೆಂಟನಿಲ್ ಎಂಬ ನೋವು ನಿವಾರಕ ಬೇಕಾದರೆ ಔಷಧದ ಕಪಾಟು ಸುಮ್ಮನೆ ಬಾಗಿಲು ತೆರೆಯುವುದಿಲ್ಲ. ಎಟಿಎಂ ಯಂತ್ರದಂತಿರುವ ಆ ಕಪಾಟಿಗೆ ಬೆರಳಚ್ಚು ಕೊಡಬೇಕು, ರೋಗಿಯ ಹೆಸರನ್ನು ಆರಿಸಬೇಕು. ಆಮೇಲಷ್ಟೇ ಒಂದು ಡ್ರಾಯರ್ ಹೊರಬರುತ್ತದೆ. ವೈದ್ಯರು ಬರೆದದ್ದು 50 ಮೈಕ್ರೊಗ್ರಾಂ, ಸೀಸೆಯಲ್ಲಿರುವುದು 100. ಉಳಿದ ಅರ್ಧವನ್ನು ಇನ್ನೊಬ್ಬ ನರ್ಸ್‌ನ ಕಣ್ಣೆದುರೇ ಚೆಲ್ಲಬೇಕು. ನೋಡಿದ್ದಕ್ಕೆ ಸಾಕ್ಷಿಯಾಗಿ ಆಕೆಯೂ ಯಂತ್ರದಲ್ಲಿ ತನ್ನ ಗುರುತು ಒತ್ತಬೇಕು. ವಾರ್ಡಿನ ಮಾತಿನಲ್ಲಿ ಇದು ‘ವೇಸ್ಟ್ ಮಾಡುವುದು’.

ನಿಯಮವೇನೋ ಸರಳ. ಆದರೆ ಬೆಳಗಿನ ಜಾವ 3 ಗಂಟೆಯಲ್ಲಿ, ಎರಡು ಕೋಣೆಗಳಿಂದ ಒಟ್ಟಿಗೇ ಗಂಟೆ ಬಾರಿಸುತ್ತಿರುವಾಗ, “ನಾನಾಗಲೇ ಚೆಲ್ಲಿಬಿಟ್ಟೆ, ಒಂದು ಸಹಿ ಹಾಕಿಬಿಡು” ಎಂದು ಗೆಳತಿ ಕೇಳಿದರೆ? ಹಾಕಿದರೆ ನಿಯಮ ಮುರಿಯುತ್ತದೆ, ಹಾಕದಿದ್ದರೆ ಸ್ನೇಹ ಮುರಿಯುತ್ತದೆ. ಕಪಾಟಿನ ತಂತ್ರಾಂಶ ಎಲ್ಲವನ್ನೂ ಎಣಿಸುತ್ತಿರುತ್ತದೆ. ಯಾರು ಎಷ್ಟು ಸಲ ತೆಗೆದರು, ಯಾರ ಸಾಕ್ಷಿ ತಡವಾಗಿ ಬಂತು, ಯಾರ ಲೆಕ್ಕ ಉಳಿದವರಿಗಿಂತ ಹೆಚ್ಚು ಎಂಬುದೆಲ್ಲ ಮೇಲಧಿಕಾರಿಗೆ ಹೋಗುತ್ತದೆ. ಅದರ ಮೇಲೆ ಸಹೋದ್ಯೋಗಿಯೊಬ್ಬಳ ದೂರೂ ಸೇರಿದರೆ ಮರುದಿನ ಕರೆ ಬರುತ್ತದೆ, ಕೈಗೆ ಪ್ಲಾಸ್ಟಿಕ್ ಲೋಟ ಬರುತ್ತದೆ. ನಿರ್ದಿಷ್ಟ ಅನುಮಾನದ ಮೇಲೆ ನಡೆಸುವ ಇಂಥ ಮೂತ್ರ ಪರೀಕ್ಷೆಗೆ ಅಲ್ಲಿನವರು ‘ಫಾರ್ ಕಾಸ್’ ಪರೀಕ್ಷೆ ಎನ್ನುತ್ತಾರೆ.

ಇಷ್ಟೊಂದು ಬಿಗಿ ಯಾಕೆ? ಉತ್ತರ 2012ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎಕ್ಸೆಟರ್ ಆಸ್ಪತ್ರೆಯಲ್ಲಿ ಸಿಕ್ಕಿತು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ರೋಗಿಗಳಲ್ಲಿ ಒಂದೇ ತಳಿಯ ಹೆಪಟೈಟಿಸ್ ಸಿ ವೈರಸ್ ಕಾಣಿಸಿಕೊಂಡಿತು. ಅವರೆಲ್ಲರೂ ಹಾದುಹೋಗಿದ್ದು ಹೃದಯ ಚಿಕಿತ್ಸೆಯ ಒಂದೇ ಕೋಣೆಯನ್ನು. ಅಲ್ಲಿ ಕೆಲಸಕ್ಕಿದ್ದ ತಂತ್ರಜ್ಞನೊಬ್ಬ ಫೆಂಟನಿಲ್ ತುಂಬಿದ ಸಿರಿಂಜ್ ಕದ್ದು, ತನಗೆ ಚುಚ್ಚಿಕೊಂಡು, ಸಲೈನ್ ತುಂಬಿ ಅದನ್ನೇ ಮರಳಿ ಇಡುತ್ತಿದ್ದ. ರೋಗಿಗಳಿಗೆ ಸಿಗಬೇಕಿದ್ದ ನೋವು ಶಮನ ಸಿಗಲಿಲ್ಲ, ಬದಲಿಗೆ ಯಕೃತ್ತಿನ ರೋಗ ಸಿಕ್ಕಿತು. ಅದಕ್ಕೂ ಮೊದಲು ಆತ ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ದುಡಿದಿದ್ದ. 2013ರಲ್ಲಿ ಅವನಿಗೆ 39 ವರ್ಷಗಳ ಸೆರೆವಾಸವಾಯಿತು. ಪರೀಕ್ಷೆಯೇ ಬೇಡ ಎನ್ನುವವರು ಈ ರೋಗಿಗಳನ್ನು ನೆನೆಯಬೇಕು. ಹಾಗೆಯೇ, ಪರೀಕ್ಷೆ ಹೇಳಿದ್ದೇ ವೇದವಾಕ್ಯ ಎನ್ನುವವರು ಆ ಲೋಟದೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ತಿಳಿಯಬೇಕು.

ಮೊದಲ ಹಂತದ ಪರೀಕ್ಷೆಯ ಹೆಸರು ಇಮ್ಯುನೊಅಸ್ಸೇ. ಇದರ ಬೇರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದೆ. 1950ರ ದಶಕದಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿನ ಅತ್ಯಲ್ಪ ಇನ್ಸುಲಿನ್ ಅಳೆಯಲು ಪ್ರತಿಕಾಯಗಳನ್ನು, ಅಂದರೆ ದೇಹ ಹೊರಗಿನ ವಸ್ತುಗಳ ವಿರುದ್ಧ ತಯಾರಿಸುವ ಪ್ರೋಟೀನುಗಳನ್ನು, ಬಳಸಿದರು. ಈ ಕೆಲಸಕ್ಕಾಗಿ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಮೂತ್ರ ಪರೀಕ್ಷೆಯಲ್ಲಿ ನಡೆಯುವುದೂ ಅದೇ. ಮಾರ್ಫಿನ್‌ನಂಥ ಅಣುವಿನ ಆಕಾರವನ್ನು ಗುರುತಿಸುವ ಪ್ರತಿಕಾಯವನ್ನು ಮೂತ್ರಕ್ಕೆ ಬೆರೆಸಿದರೆ ಅದು ಆ ಅಣುವನ್ನು ಹಿಡಿದುಕೊಳ್ಳುತ್ತದೆ. ಅಗ್ಗ, ಬೇಗ, ನಿಮಿಷಗಳಲ್ಲಿ ಉತ್ತರ.

ಆದರೆ ಪ್ರತಿಕಾಯ ಹೆಸರು ಕೇಳುವುದಿಲ್ಲ, ಆಕಾರ ನೋಡುತ್ತದೆ. ಸಂಜೆಗತ್ತಲಲ್ಲಿ ದೂರದಿಂದ ಬರುವವರ ನಡಿಗೆ ನೋಡಿ ‘ನಮ್ಮ ಭಾವನೇ ಇರಬೇಕು’ ಎಂದುಕೊಳ್ಳುತ್ತೇವಲ್ಲ, ಹಾಗೆ. ಹತ್ತಿರ ಬಂದ ಮೇಲೆ ಅದು ಪಕ್ಕದ ಊರಿನ ಯಾರೋ ಆಗಿರಬಹುದು. ಖಿನ್ನತೆಗೆ ಕೊಡುವ ಬುಪ್ರೊಪಿಯಾನ್, ನಿದ್ರೆಗೂ ಕೊಡುವ ಟ್ರಾಜೊಡೋನ್, ಗರ್ಭಿಣಿಯರ ರಕ್ತದೊತ್ತಡಕ್ಕೆ ಕೊಡುವ ಲ್ಯಾಬೆಟಲಾಲ್ ಇವೆಲ್ಲ ಕೆಲವು ಕಿಟ್‌ಗಳಲ್ಲಿ ಆಂಫೆಟಮಿನ್ ಎಂದು ತೋರಿಸಿವೆ. ಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೊಮೆಥಾರ್ಫಾನ್ ಪಿಸಿಪಿ ಎಂಬ ಮಾದಕದ ವೇಷದಲ್ಲಿ ಕಂಡಿದೆ. ಲೆವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಅಫೀಮಿನ ಪಟ್ಟಿಯಲ್ಲಿ ಬಿದ್ದಿದೆ. ಭಾರತದಲ್ಲಿ ಕ್ಷಯ ರೋಗಿಗಳಿಗೆಲ್ಲ ಪರಿಚಿತವಾದ, ಮೂತ್ರವನ್ನು ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ರಿಫಾಂಪಿಸಿನ್ ಕೂಡ ಹಾಗೆಯೇ.

ಇಲ್ಲಿ ಸಣ್ಣದೊಂದು ಲೆಕ್ಕ ಹಾಕಿ ನೋಡಬೇಕು. ಸಾವಿರ ನರ್ಸ್‌ಗಳಲ್ಲಿ 20 ಮಂದಿ ನಿಜಕ್ಕೂ ಮಾದಕ ಬಳಸುತ್ತಾರೆ ಎಂದು ಊಹಿಸೋಣ. ಪರೀಕ್ಷೆ ಅವರಲ್ಲಿ ಶೇ 95ರಷ್ಟು ಮಂದಿಯನ್ನು ಹಿಡಿಯುತ್ತದೆ. ಬಳಸದವರಲ್ಲಿ ಶೇ 2ರಷ್ಟು ಮಂದಿಯನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ. ಆದರೆ ಬಳಸುವವರಲ್ಲಿ ಸಿಕ್ಕಿದ್ದು 19, ಉಳಿದ 980 ಮಂದಿಯಲ್ಲಿ ಸಿಕ್ಕಿಬಿದ್ದದ್ದು ಸುಮಾರು 20. ಪಾಸಿಟಿವ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿರಪರಾಧಿಗಳು! ಈ ಲೆಕ್ಕ ತಿಳಿಯದ ಮೇಲ್ವಿಚಾರಕರ ಕೈಗೆ ಮೊದಲ ಫಲಿತಾಂಶವೊಂದನ್ನೇ ಕೊಡುವುದು ಅಪಾಯ.

ಹಾಗಾಗಿಯೇ ಎರಡನೆಯ ಪರೀಕ್ಷೆ ಇದೆ: ಗ್ಯಾಸ್ ಕ್ರೊಮಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ. ಮಾದರಿಯನ್ನು ಕಾಯಿಸಿ ಆವಿಯಾಗಿಸಿ, ಕೂದಲೆಳೆಯಂಥ ಉದ್ದನೆಯ ಕೊಳವೆಯಲ್ಲಿ ಓಡಿಸುತ್ತಾರೆ. ಪ್ರತಿ ಅಣುವೂ ತನ್ನದೇ ವೇಗದಲ್ಲಿ ಸಾಗಿ ತನ್ನದೇ ಸಮಯಕ್ಕೆ ಆಚೆ ಬರುತ್ತದೆ. ಅಲ್ಲಿ ಎಲೆಕ್ಟ್ರಾನುಗಳ ಹೊಡೆತಕ್ಕೆ ಚೂರಾಗುತ್ತದೆ. ಆ ಚೂರುಗಳ ತೂಕದ ವಿನ್ಯಾಸ ಬೆರಳಚ್ಚಿನಷ್ಟೇ ಖಚಿತ. ಭಾವ ಯಾರು, ಪಕ್ಕದ ಊರಿನವ ಯಾರು ಎಂಬುದು ಇಲ್ಲಿ ಬಯಲಾಗುತ್ತದೆ.

ಈ ಯಂತ್ರಕ್ಕೂ ಒಂದು ಕುರುಡುತನವಿದೆ. ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾಗಿರುವ ಅಣುಗಳನ್ನು ವಿಶೇಷ ಏರ್ಪಾಡು ಮಾಡದೆ ಅದು ಬೇರೆ ಬೇರೆಯಾಗಿ ಕಾಣಲಾರದು. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಸ್ಕೀ ಪಟು ಅಲೆನ್ ಬ್ಯಾಕ್ಸ್ಟರ್ ಕಂಚು ಗೆದ್ದರು. ಕಟ್ಟಿದ ಮೂಗಿಗೆಂದು ಅಲ್ಲೇ ಕೊಂಡ ವಿಕ್ಸ್ ಇನ್ಹೇಲರ್ ಅವರಿಗೆ ಮುಳುವಾಯಿತು: ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಪದಕ ಕಳೆದುಕೊಂಡರು. ಬ್ರಿಟನ್ನಿನಲ್ಲಿ ಅದೇ ಹೆಸರಿನಲ್ಲಿ ಸಿಗುತ್ತಿದ್ದ ಇನ್ಹೇಲರ್‌ನಲ್ಲಿ ಇಲ್ಲದ ಲೆವೊಮೆಥಾಂಫೆಟಮಿನ್ ಅಮೆರಿಕದ ಇನ್ಹೇಲರ್‌ನಲ್ಲಿತ್ತು. ಮೂಗು ಬಿಡಿಸುವ ಈ ‘ಎಡಗೈ’ ಅಣು, ಅಮಲೇರಿಸುವ ‘ಬಲಗೈ’ ಮೆಥಾಂಫೆಟಮಿನ್‌ನ ಕನ್ನಡಿ ಬಿಂಬ. ಕ್ರೀಡಾ ನ್ಯಾಯಮಂಡಳಿ ಅವರ ಪ್ರಾಮಾಣಿಕತೆಯನ್ನು ಒಪ್ಪಿತು, ಪದಕ ಮಾತ್ರ ಮರಳಲಿಲ್ಲ. ನೆಗಡಿ ಬಂದ ನರ್ಸ್‌ಗೂ ಇದೇ ಪ್ರಶ್ನೆ ಎದುರಾಗಬಹುದು.

ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ವಿಷಯವೊಂದಿದೆ: ಗಸಗಸೆ. ಅಫೀಮು ಬರುವುದೂ ಗಸಗಸೆ ಬರುವುದೂ ಒಂದೇ ಗಿಡದಿಂದ. ಬೀಜದೊಳಗೆ ಮಾರ್ಫಿನ್ ಇಲ್ಲದಷ್ಟು ಕಡಿಮೆ. ಆದರೆ ಕಾಯಿಯ ಹಾಲು ಕೊಯ್ಲಿನ ಹೊತ್ತಿಗೆ ಬೀಜದ ಮೈಗೆ ಅಂಟುತ್ತದೆ. ತೊಳೆದರೆ, ಹುರಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಎನ್ನುವ ಖಾತರಿಯಿಲ್ಲ. ಅಮೆರಿಕದವರು ಬ್ರೆಡ್ಡಿನ ಮೇಲೆ ಚಿಮುಕಿಸುವುದು ಚಿಟಿಕೆಯಷ್ಟು. ನಮ್ಮ ಹಬ್ಬದ ಪಾಯಸಕ್ಕೆ ಅಕ್ಕಿ, ಕಾಯಿತುರಿಯೊಂದಿಗೆ ರುಬ್ಬುವುದು ಅದಕ್ಕಿಂತ ಎಷ್ಟೋ ಹೆಚ್ಚು. ಗಸಗಸೆ ಪಾಯಸ ಕುಡಿದರೆ ನಿದ್ದೆ ಜೋಂಪು ಹತ್ತುತ್ತದೆ ಎಂಬ ಮಾತು ಮೈಸೂರು ಕಡೆಯ ಮನೆಗಳಲ್ಲಿ ಹಳೆಯದು.

ಇಲ್ಲಿ ಎರಡನೆಯ ಪರೀಕ್ಷೆಯೂ ನೆರವಿಗೆ ಬರುವುದಿಲ್ಲ. ಮೂತ್ರದಲ್ಲಿ ಇರುವುದು ನಿಜವಾದ ಮಾರ್ಫಿನ್ನೇ. ಅಮೆರಿಕದ ಕೇಂದ್ರ ಸರ್ಕಾರ ತನ್ನ ನೌಕರರ ಪರೀಕ್ಷೆಯಲ್ಲಿ ಮಾರ್ಫಿನ್ ಮಿತಿಯನ್ನು ಒಂದು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ 1998ರಲ್ಲಿ ಏರಿಸಿದ್ದಕ್ಕೆ ಮುಖ್ಯ ಕಾರಣ ಈ ಬೀಜವೇ. ಆದರೆ ಖಾಸಗಿ ಆಸ್ಪತ್ರೆಗಳು ಆ ಮಿತಿಯನ್ನೇ ಪಾಲಿಸಬೇಕೆಂದಿಲ್ಲ. 2010ರಲ್ಲಿ ಪೆನ್ಸಿಲ್ವೇನಿಯಾದ ಬಾಣಂತಿಯೊಬ್ಬರು ಹೆರಿಗೆಗೆ ಮುನ್ನ ಗಸಗಸೆ ಉದುರಿಸಿದ ಬೇಗಲ್ ತಿಂದಿದ್ದರು. ಅಲ್ಲಿನ ಆಸ್ಪತ್ರೆಯ ಮಿತಿ ಬಲು ಕೆಳಗಿತ್ತು. ಮೂರು ದಿನದ ಕೂಸನ್ನು ಅಧಿಕಾರಿಗಳು ಎತ್ತಿಕೊಂಡು ಹೋದರು. ಅದು ತಾಯಿಯ ಮಡಿಲಿಗೆ ಮರಳಲು ಐದು ದಿನ ಹಿಡಿಯಿತು. 2023ರ ಫೆಬ್ರುವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆಯನ್ನೇ ತಿನ್ನಬೇಡಿ ಎಂದು ಸೂಚಿಸಿತು. ಹೆರಾಯಿನ್ ಸೇವಿಸಿದವರಲ್ಲಿ ಮಾತ್ರ ಸಿಗುವ 6-ಅಸಿಟೈಲ್‌ಮಾರ್ಫಿನ್ ಹುಡುಕಿದರೆ ಹೆರಾಯಿನ್ ಅನುಮಾನವಾದರೂ ಬಗೆಹರಿಯುತ್ತದೆ. ಗಸಗಸೆಯಿಂದ ಆ ಅಣು ಹುಟ್ಟುವುದಿಲ್ಲ. ಮಂಗಳೂರು, ಉಡುಪಿ, ಬೆಂಗಳೂರಿನಲ್ಲಿ ನರ್ಸಿಂಗ್ ಓದಿ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಬರೆದು ಅಮೆರಿಕಕ್ಕೆ ಹೊರಡುವವರಿಗೆ ಕೆಲಸಕ್ಕೆ ಸೇರುವಾಗಲೇ ಮೂತ್ರ ಪರೀಕ್ಷೆ ಇರುವುದು ಸಾಮಾನ್ಯ. ಬೀಳ್ಕೊಡುಗೆಯ ಊಟದಲ್ಲಿ ಪಾಯಸ ಬಡಿಸುವ ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಬೇಕು. ಕೊಲ್ಲಿಯ ಯುಎಇಗೆ ಹೋಗುವವರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಅಲ್ಲಿ ಗಸಗಸೆಯ ಪೊಟ್ಟಣವೇ ನಿಷಿದ್ಧ ವಸ್ತು.

ಚಟದಿಂದ ಹೊರಬರುತ್ತಿರುವ ನರ್ಸ್‌ಗಳ ಪಾಡು ಬೇರೆ. ಅಮೆರಿಕದ ಬಹಳಷ್ಟು ರಾಜ್ಯಗಳು ಲೈಸೆನ್ಸ್ ಕಿತ್ತುಕೊಳ್ಳುವ ಬದಲು ಚಿಕಿತ್ಸೆ ಮತ್ತು ನಿಗಾ ಎಂಬ ದಾರಿ ತೆರೆದಿವೆ. ವರ್ಷಗಟ್ಟಲೆ ಪ್ರತಿದಿನ ಬೆಳಗ್ಗೆ ಫೋನ್ ಅಥವಾ ಆ್ಯಪ್ ನೋಡಿ ಇಂದು ತನ್ನ ಸರದಿಯೇ ಎಂದು ತಿಳಿಯಬೇಕು, ಕರೆದರೆ ಹೋಗಬೇಕು, ಖರ್ಚನ್ನು ಹೆಚ್ಚಾಗಿ ತಾವೇ ಭರಿಸಬೇಕು. ಮದ್ಯವನ್ನೂ ಮುಟ್ಟುವಂತಿಲ್ಲ. ಅದನ್ನು ಪತ್ತೆ ಹಚ್ಚಲು ನೋಡುವುದು ಇಟಿಜಿ ಎಂಬ ಗುರುತನ್ನು: ಕುಡಿದ ಮದ್ಯದ ತೀರಾ ಸಣ್ಣ ಪಾಲು ಯಕೃತ್ತಿನಲ್ಲಿ ಈ ರೂಪ ತಾಳಿ ಎರಡು ಮೂರು ದಿನ ಮೂತ್ರದಲ್ಲಿ ಉಳಿಯುತ್ತದೆ.

ನರ್ಸ್‌ಗೆ ಇದಕ್ಕಿಂತ ಇಕ್ಕಟ್ಟಿನ ಪರೀಕ್ಷೆ ಇಲ್ಲ. ಆಸ್ಪತ್ರೆಯ ಒಂದು ನಿಯಮ ಪ್ರತಿ ರೋಗಿಯ ಬಳಿ ಹೋಗುವಾಗಲೂ ಬರುವಾಗಲೂ ಆಲ್ಕೊಹಾಲ್ ಸ್ಯಾನಿಟೈಸರಿನಿಂದ ಕೈ ಉಜ್ಜಿಕೋ ಎನ್ನುತ್ತದೆ. ಇನ್ನೊಂದು ನಿಯಮ ಮೈಯಲ್ಲಿ ಆಲ್ಕೊಹಾಲಿನ ಸುಳಿವೇ ಇರಬಾರದು ಎನ್ನುತ್ತದೆ. ಫ್ಲಾರಿಡಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 11 ಸ್ವಯಂಸೇವಕರು ಮೂರು ದಿನ, ದಿನಕ್ಕೆ 10 ಗಂಟೆ, ಐದೈದು ನಿಮಿಷಕ್ಕೊಮ್ಮೆ ಸ್ಯಾನಿಟೈಸರ್ ಹಚ್ಚಿಕೊಂಡರು. ಒಂದು ಹನಿಯೂ ಕುಡಿಯದವರ ಮೂತ್ರದಲ್ಲಿ ಇಟಿಜಿ ಮಿಲಿಲೀಟರಿಗೆ 2000 ನ್ಯಾನೊಗ್ರಾಂವರೆಗೂ ಏರಿತು. ಚರ್ಮದ ಮೂಲಕ ಹೋದದ್ದಕ್ಕಿಂತ ಉಸಿರಿನೊಂದಿಗೆ ಹೋದ ಆವಿಯೂ ಕಡಿಮೆಯದಲ್ಲ. ವಾಡಿಕೆಯ ಕೆಲಸದಲ್ಲಿ ಯಾರೂ ಅಷ್ಟು ಉಜ್ಜುವುದಿಲ್ಲ ಎನ್ನುವುದು ನಿಜ. ಆದರೂ ಅದಕ್ಕೂ ಮೊದಲೇ, 2006ರಲ್ಲಿ, ಅಮೆರಿಕದ ಕೇಂದ್ರ ಸರ್ಕಾರದ ಮಾದಕ ವ್ಯಸನ ಚಿಕಿತ್ಸಾ ಸಂಸ್ಥೆ ಇಟಿಜಿ ಒಂದನ್ನೇ ನಂಬಿ ಯಾರಿಗೂ ಶಿಕ್ಷೆ ಕೊಡಬೇಡಿ ಎಂದು ಎಚ್ಚರಿಸಿತ್ತು. ಈಗ ಅನುಮಾನ ಬಂದಾಗ ರಕ್ತದಲ್ಲಿ ಪೆತ್ ಎಂಬ ಇನ್ನೊಂದು ಗುರುತನ್ನು ನೋಡುವುದುಂಟು. ಕುಡಿದಾಗ ಕೆಂಪು ರಕ್ತಕಣಗಳ ಪೊರೆಯಲ್ಲಿ ರೂಪುಗೊಳ್ಳುವ ಇದು ವಾರಗಟ್ಟಲೆ ಉಳಿಯುತ್ತದೆ.

ಇಷ್ಟಾಗಿಯೂ ಪರೀಕ್ಷೆಯ ಬಲೆಯಿಂದ ನುಸುಳುವವು ಇದ್ದೇ ಇವೆ. ಫೆಂಟನಿಲ್ ರಚನೆಯಲ್ಲಿ ಮಾರ್ಫಿನ್‌ನಂತೆ ಇಲ್ಲವೇ ಇಲ್ಲ. ಹಾಗಾಗಿ ಮಾರ್ಫಿನ್‌ಗೆಂದು ತಯಾರಾದ ಪ್ರತಿಕಾಯ ಅದನ್ನು ಮೂಸಿಯೂ ನೋಡುವುದಿಲ್ಲ. ಅರಿವಳಿಕೆಗೆ ಬಳಸುವ ಪ್ರೊಪೊಫಾಲ್ ಕೂಡ ಮಾಮೂಲಿ ಪಟ್ಟಿಯಲ್ಲಿಲ್ಲ. ಆಸ್ಪತ್ರೆಯೊಳಗೆ ಕಳುವಾಗುವ ಮದ್ದುಗಳನ್ನೇ ಹುಡುಕದ ಪರೀಕ್ಷೆ ನಿರಪರಾಧಿಯನ್ನು ಹಿಡಿದು ಅಪರಾಧಿಯನ್ನು ಬಿಟ್ಟುಬಿಡಬಹುದು. ಇನ್ನು ಗಾಂಜಾದ ಗುರುತು ನಿತ್ಯ ಸೇವಿಸುವವರಲ್ಲಿ ವಾರಗಳ ಕಾಲ ಉಳಿಯುತ್ತದೆ. ಪಾಳಿಯ ಹೊತ್ತಿಗೆ ನರ್ಸ್ ಅಮಲಿನಲ್ಲಿದ್ದಳೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಹಾಗಾದರೆ ಅನುಮಾನ ಹುಟ್ಟುವುದು ಎಲ್ಲಿಂದ? ಬಹಳ ಸಲ ಮನುಷ್ಯರ ಕಣ್ಣಿನಿಂದ. ಮಾತು ತೊದಲುವುದು, ಕಣ್ಣು ಕೆಂಪಾಗುವುದು, ದಾಖಲೆಯಲ್ಲಿ ತಪ್ಪು ಬರೆಯುವುದು, ಇವೇ ದೂರಿನ ಆಧಾರ. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. 17 ಗಂಟೆ ಸತತ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಕುಸಿದಿತ್ತು. 24 ಗಂಟೆಗಳಿಗೆ ಅದು ಶೇ 0.1ರ ಸಮಕ್ಕೆ ಬಂತು. ಹಗಲು ಮಕ್ಕಳನ್ನು ನೋಡಿಕೊಂಡು ರಾತ್ರಿ 12 ಗಂಟೆಗಳ ಪಾಳಿ ಮುಗಿಸುವ ನರ್ಸ್ ಕುಡಿಯದೆಯೂ ಕುಡಿದವಳಂತೆ ಕಾಣುವುದಕ್ಕೆ ವಿಜ್ಞಾನದ ಈ ವಿವರಣೆ ಸಾಕು. ದೂರು ಕೊಡುವವರ ಜೊತೆಗಿನ ಸಂಬಂಧವೂ ಇಲ್ಲಿ ಮುಖ್ಯ. ಹೊಸ ಕಿರಿಯ ನರ್ಸ್‌ಗಳನ್ನು ಹಿರಿಯರೇ ಹಿಂಸಿಸುವ ಚಾಳಿಗೆ ‘ನರ್ಸ್‌ಗಳು ತಮ್ಮ ಮರಿಗಳನ್ನೇ ತಿನ್ನುತ್ತಾರೆ’ ಎಂಬ ಮಾತು 1986ರಲ್ಲಿ ಜೂಡಿತ್ ಮೈಸ್ನರ್ ಅವರ ಲೇಖನದಿಂದ ಹೆಸರಾಯಿತು. ಬೆದರಿಕೆ, ಅವಮಾನಗಳು ರೋಗಿಯ ಸುರಕ್ಷತೆಗೇ ಕುತ್ತು ಎಂದು ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2008ರಲ್ಲಿ ಎಚ್ಚರಿಕೆ ಹೊರಡಿಸಿತು. ಹಳಸಿದ ಸಂಬಂಧವಿರುವ ವಾರ್ಡಿನಲ್ಲಿ ಅನುಮಾನದ ದೂರು ಸುಲಭದ ಆಯುಧ. ನಂಬಿಕೆ ಗಟ್ಟಿಯಿರುವ ವಾರ್ಡಿನಲ್ಲಿ ಅದೇ ದೂರು ಒಬ್ಬಳ ಜೀವ ಉಳಿಸಬಹುದು, ಯಾಕೆಂದರೆ ಚಟಕ್ಕೆ ಬಿದ್ದ ನರ್ಸ್‌ನ ಬದಲಾವಣೆಯನ್ನು ಮೊದಲು ಗಮನಿಸುವವರೂ ಪಕ್ಕದಲ್ಲಿ ದುಡಿಯುವವರೇ.

ಅಮೆರಿಕದ ಕೇಂದ್ರ ಸರ್ಕಾರದ ಸಾರಿಗೆ ಇಲಾಖೆ ಚಾಲಕರು ಮತ್ತು ಪೈಲಟ್‌ಗಳಿಗೆ ಮಾಡಿರುವ ನಿಯಮಗಳನ್ನು ನೋಡಿದರೆ ನರ್ಸ್‌ಗಳಿಗೂ ಎಂಥ ರಕ್ಷಣೆ ಇರಬೇಕೆಂದು ತಿಳಿಯುತ್ತದೆ. ಮೂತ್ರ ಕೊಟ್ಟ ನಾಲ್ಕು ನಿಮಿಷದೊಳಗೆ ಅದರ ಉಷ್ಣತೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ಇದೆಯೇ ಎಂದು ನೋಡುತ್ತಾರೆ. ಪ್ರಯೋಗಾಲಯದಲ್ಲಿ ಪಾಸಿಟಿವ್ ಬಂದರೆ ಅದು ಮಾಲೀಕರಿಗಿಂತ ಮೊದಲು ಈ ಕೆಲಸಕ್ಕೆಂದೇ ತರಬೇತಿ ಪಡೆದ ವೈದ್ಯರೊಬ್ಬರಿಗೆ ಹೋಗುತ್ತದೆ. ಅವರು ನೌಕರನಿಗೆ ಫೋನ್ ಮಾಡಿ ಯಾವ ಮಾತ್ರೆ ನುಂಗುತ್ತಿದ್ದೀರಿ, ಚೀಟಿ ಇದೆಯೇ ಎಂದು ವಿಚಾರಿಸಿದ ಮೇಲಷ್ಟೇ ಫಲಿತಾಂಶಕ್ಕೆ ಮುದ್ರೆ. ಎಷ್ಟೋ ಆಸ್ಪತ್ರೆಗಳು ಇದೇ ಕ್ರಮವನ್ನು ತಾವಾಗಿ ಅನುಸರಿಸುತ್ತವೆ. ತಮ್ಮ ಆಸ್ಪತ್ರೆ ಅನುಸರಿಸುತ್ತದೆಯೇ ಎಂದು ಕೆಲಸಕ್ಕೆ ಸೇರುವ ದಿನವೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಈ ಕ್ರಮದಲ್ಲಿ ಮಾದರಿಯನ್ನು ನೌಕರನ ಎದುರೇ ಎರಡು ಬಾಟಲಿಗೆ ಸುರಿಯುತ್ತಾರೆ: ಒಂದಕ್ಕೆ 30 ಮಿಲಿಲೀಟರ್, ಇನ್ನೊಂದಕ್ಕೆ 15. ಮೊದಲನೆಯದರ ಫಲಿತಾಂಶವನ್ನು ಒಪ್ಪದವರು ತಿಳಿಸಿದ 72 ಗಂಟೆಯೊಳಗೆ ಎರಡನೆಯದನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳಬಹುದು. ಕೇಳಲಿ, ಬಿಡಲಿ, ಪಾಸಿಟಿವ್ ಬಂದ ಮಾದರಿಯ ಬಾಟಲಿ ಕನಿಷ್ಠ ಒಂದು ವರ್ಷ ಫ್ರೀಜರ್‌ನಲ್ಲಿ ಕಾದಿರುತ್ತದೆ.